ಸೇನಾಧಿಕಾರಿಯ ಪಿಂಚಣಿ ಕಡತ: ನಾನು ಜೋಡಿಸುವ ಕ್ರಮ

ಸೇನಾಧಿಕಾರಿಗಳ ನಿವೃತ್ತಿ ಕಾಗದಪತ್ರ ಜೋಡಿಸುವ ಕೆಲಸವನ್ನು ನಾನು ಕನಿಷ್ಠ ಒಂದು ವರ್ಷ ಮುಂಚೆ ಶುರು ಮಾಡುತ್ತೇನೆ. ಪಿಂಚಣಿಯ ಲೆಕ್ಕ ತಪ್ಪುವುದು ಅಪರೂಪ. ಕಡತ ನಿಲ್ಲುವುದು ಹೆಚ್ಚಾಗಿ ಒಂದು ಇನಿಷಿಯಲ್ಲಿಗೆ, ಒಂದು ತಾರೀಖಿಗೆ.

ಮೊದಲು ನಿವೃತ್ತಿಯ ದಿನವನ್ನು ಗಟ್ಟಿ ಮಾಡಿಕೊಳ್ಳಬೇಕು. ಭೂಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಮತ್ತು ಕರ್ನಲ್‌ಗೆ 54, ಬ್ರಿಗೇಡಿಯರ್‌ಗೆ 56, ಮೇಜರ್ ಜನರಲ್‌ಗೆ 58, ಲೆಫ್ಟಿನೆಂಟ್ ಜನರಲ್‌ಗೆ 60. ಸೇನಾ ಮುಖ್ಯಸ್ಥರಿಗೆ 62 ವರ್ಷ ಅಥವಾ 3 ವರ್ಷದ ಅವಧಿ, ಯಾವುದು ಮೊದಲೋ ಅದು. ವೈದ್ಯಕೀಯ ವಿಭಾಗದ ವಯಸ್ಸುಗಳು ಬೇರೆ. ನೌಕಾಪಡೆ, ವಾಯುಪಡೆಯವರು ತಮ್ಮ ಶಾಖೆಯ ಆದೇಶವನ್ನೇ ನೋಡಬೇಕು. ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ಬಿಡುಗಡೆ. 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ. ಫೀಲ್ಡ್ ಮಾರ್ಷಲ್‌ಗೆ ಮಾತ್ರ ನಿವೃತ್ತಿಯಿಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲೇ ಸೇನೆಯಿಂದ ನಿವೃತ್ತರಾಗಿದ್ದರೂ 1986ರಲ್ಲಿ ಆ ಪದವಿ ಬಂದ ಮೇಲೆ ಕೊನೆಯವರೆಗೂ ಅದರಲ್ಲೇ ಉಳಿದರು.

ಆಮೇಲೆ ಸೇವೆಯ ಎಣಿಕೆ. ಅಧಿಕಾರಿಗೆ ಪಿಂಚಣಿ ಸಿಗಲು 20 ವರ್ಷ ಬೇಕು, ತಡವಾಗಿ ಸೇರಿದವರಿಗೆ 15. ಅವಧಿಗೆ ಮೊದಲೇ ಬಿಡುವವರು ಎಡವುವುದು ಇಲ್ಲೇ: ಖಡಕ್ವಾಸ್ಲಾದ ಮೂರು ವರ್ಷ, ಡೆಹ್ರಾಡೂನಿನ ಒಂದು ವರ್ಷದ ತರಬೇತಿಯನ್ನೂ ಸೇರಿಸಿ 20 ಎಂದುಕೊಳ್ಳುತ್ತಾರೆ. ಎಣಿಕೆ ಕಮಿಷನ್ (ಅಧಿಕಾರಿಯಾಗಿ ನೇಮಕ) ಸಿಕ್ಕ ದಿನದಿಂದ. ಜವಾನರಾಗಿ ಸೇರಿ ಮೇಲೆ ಬಂದವರ ಹಿಂದಿನ ಸೇವೆ ಮಾತ್ರ ಸೇರುತ್ತದೆ, ಅದೂ ದಾಖಲೆಯಲ್ಲಿದ್ದರೆ. ಶಾರ್ಟ್ ಸರ್ವಿಸ್‌ನವರು, ಅಂದರೆ ನಿಗದಿತ ಕೆಲವು ವರ್ಷಕ್ಕಷ್ಟೇ ಸೇರಿದ ಅಧಿಕಾರಿಗಳು, 14 ವರ್ಷ ಮುಗಿಸಿದರೂ ಅವರಿಗೆ ಪಿಂಚಣಿಯಿಲ್ಲ. ಪ್ರತಿ ಆರು ತಿಂಗಳ ಸೇವೆಗೆ ಅರ್ಧ ತಿಂಗಳ ಸಂಬಳದಂತೆ ಗ್ರಾಚ್ಯುಟಿ ಸಿಗುತ್ತದೆ. ಮನೆಸಾಲ ಮಾಡುವ ಮುಂಚೆ ಇದನ್ನು ತಿಳಿದುಕೊಂಡಿರಬೇಕು. ಇನ್ನು ಸ್ವಇಚ್ಛೆಯಿಂದ ಬಿಡುವವರಿಗೆ ಇನ್ನೊಂದು ಮಾತು: 2015ರ ನವೆಂಬರ್ 7ರ ಒಆರ್‌ಒಪಿ (ಒಂದೇ ಹುದ್ದೆಗೆ ಒಂದೇ ಪಿಂಚಣಿ) ಆದೇಶ, ಮುಂದೆ ಹಾಗೆ ಬಿಡುವವರನ್ನು ಹೊರಗಿಟ್ಟಿತು. ಅದು ನ್ಯಾಯಾಲಯದ ಮೆಟ್ಟಿಲೇರಿರುವ ವಿಷಯ. ಅರ್ಜಿ ಕೊಡುವ ದಿನಕ್ಕೆ ಸ್ಥಿತಿ ಏನೆಂದು ಕೇಳಿಕೊಂಡೇ ಸಹಿ ಹಾಕಿ.

ಪಿಂಚಣಿ ಎಂದರೆ ಕೊನೆಯ ಸಂಬಳದ ಅರ್ಧ, ಅಥವಾ ಕೊನೆಯ 10 ತಿಂಗಳ ಸರಾಸರಿಯ ಅರ್ಧ, ಯಾವುದು ಲಾಭವೋ ಅದು. ಬ್ರಿಗೇಡಿಯರ್‌ವರೆಗೆ 15,500 ರೂಪಾಯಿಯ ಮಿಲಿಟರಿ ಸರ್ವಿಸ್ ಪೇ ಕೂಡ ಇದರಲ್ಲಿ ಸೇರುತ್ತದೆ. ಗ್ರಾಚ್ಯುಟಿಯ ಮಿತಿ 2024ರ ಜನವರಿ 1ರಿಂದ 25 ಲಕ್ಷ. ರಜೆ ನಗದೀಕರಣ ಹೆಚ್ಚೆಂದರೆ 300 ದಿನ.

ಎಲ್ಲರೂ ತಲೆಕೆಡಿಸಿಕೊಳ್ಳುವುದು ಕಮ್ಯುಟೇಷನ್ ವಿಷಯಕ್ಕೆ, ಅಂದರೆ ಪಿಂಚಣಿಯ ಒಂದು ಭಾಗವನ್ನು 15 ವರ್ಷಕ್ಕೆ ಬಿಟ್ಟುಕೊಟ್ಟು ಬದಲಿಗೆ ಒಟ್ಟಿಗೇ ಹಣ ಪಡೆಯುವುದಕ್ಕೆ. ಸಿವಿಲ್ ನೌಕರರಿಗೆ ಶೇ 40, ಸೇನೆಯವರಿಗೆ ಶೇ 50ರವರೆಗೆ ಮಾರಬಹುದು. ಮುಂದಿನ ಹುಟ್ಟುಹಬ್ಬಕ್ಕೆ 55 ಆಗುವವರ ಗುಣಕ 8.627. ಪಿಂಚಣಿ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಅರ್ಧ ಮಾರಿದರೆ 50,000 × 12 × 8.627, ಅಂದರೆ 51,76,200 ರೂಪಾಯಿ ಕೈಗೆ ಬರುತ್ತದೆ, ತೆರಿಗೆಯಿಲ್ಲದೆ. 15 ವರ್ಷದಲ್ಲಿ ಬಿಟ್ಟುಕೊಡುವುದು 90 ಲಕ್ಷ. ನೋಡಿದ ಕೂಡಲೇ ನಷ್ಟ ಅನಿಸುತ್ತದೆ, ಆದರೆ ಲೆಕ್ಕ ಹಾಕಿದರೆ ಸುಮಾರು ಶೇ 8ರ ಬಡ್ಡಿಯ ಸಾಲದಷ್ಟೇ. ಆ 50,000 ತಿಂಗಳು ತಿಂಗಳು ಬಂದಿದ್ದರೆ ಅದಕ್ಕೆ ತೆರಿಗೆ ಬೀಳುತ್ತಿತ್ತು. ತುಟ್ಟಿಪರಿಹಾರ ಪೂರ್ತಿ ಒಂದು ಲಕ್ಷದ ಮೇಲೆಯೇ ಸಿಗುತ್ತದೆ. ಅವಧಿಯ ನಡುವೆ ಅಧಿಕಾರಿ ತೀರಿಕೊಂಡರೆ ಉಳಿದದ್ದನ್ನು ಹೆಂಡತಿಯ ಪಿಂಚಣಿಯಿಂದ ಹಿಡಿಯುವುದಿಲ್ಲ. ಇದಕ್ಕಾಗಿಯೇ ನಾನು ಪೂರ್ತಿ ಶೇ 50 ತೆಗೆದುಕೊಳ್ಳಿ ಎನ್ನುತ್ತೇನೆ, ಮದುವೆ ಖರ್ಚಿಗೆ ಚೆಲ್ಲುವವರಿಗೆ ಬಿಟ್ಟು. ಹಣ ಬಂದ ದಿನವನ್ನೂ ಕಡಿತ ಶುರುವಾದ ತಿಂಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ, 15 ವರ್ಷದ ನಂತರ ಪೂರ್ಣ ಪಿಂಚಣಿ ಕೇಳುವಾಗ ಅದೇ ಆಧಾರ.

ಈಗ ಹೆಸರಿಗೆ ಬರೋಣ. ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಸೇವಾ ದಾಖಲೆ, ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲಾ ಒಂದೇ ಹೆಸರು ಹೇಳಬೇಕು. ನಮ್ಮ ಕಡೆ ಹೆಸರಿಗೆ ಊರಿನ ಮತ್ತು ಅಪ್ಪನ ಇನಿಷಿಯಲ್ ಇರುತ್ತದೆ. ಕಮಿಷನ್ ಪತ್ರದಲ್ಲಿ 'ಎಚ್ ಎಸ್ ರಾಘವೇಂದ್ರ', ಪ್ಯಾನ್‌ನಲ್ಲಿ 'ಹಾಸನ ಶ್ರೀನಿವಾಸ ರಾಘವೇಂದ್ರ', ಆಧಾರ್‌ನಲ್ಲಿ ಬರೀ 'ರಾಘವೇಂದ್ರ ಎಚ್ ಎಸ್'. ಕೊಡವರಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹೆಂಡತಿಯ ಹೆಸರಿನ ಮುಂದೆ ಮದುವೆಗೆ ಮುಂಚಿನ ಇನಿಷಿಯಲ್ ಹಾಗೇ ಉಳಿದಿರುತ್ತದೆ. ನಾನು ಕಮಿಷನ್ ಪತ್ರದ ಹೆಸರನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ತರುತ್ತೇನೆ, ಮೊದಲು ಆಧಾರ್, ನಂತರ ಪ್ಯಾನ್, ಕೊನೆಗೆ ಬ್ಯಾಂಕ್. ಮದುವೆ, ಮಕ್ಕಳ ಜನನವನ್ನು ಸೇನೆ ದಾಖಲಿಸುವ ಪಾರ್ಟ್ ಟು ಆರ್ಡರ್‌ಗಳ ಪ್ರತಿ ತರಿಸಿ ಹೆಂಡತಿಯ ಜನ್ಮದಿನ ಒಂದೊಂದು ಅಂಕಿಯಾಗಿ ಹೋಲಿಸುತ್ತೇನೆ. ಖಾತೆ ಹೆಂಡತಿಯೊಂದಿಗೆ ಜಂಟಿಯಾಗಿರಲಿ.

ಬಿಡುಗಡೆಗೆ ಮುಂಚಿನ ವೈದ್ಯಕೀಯ ಮಂಡಳಿಯ ಮುಂದೆ ಯಾವ ತೊಂದರೆಯನ್ನೂ ಮುಚ್ಚಿಡಬೇಡಿ. ಸೇವೆಯಿಂದಲೇ ಬಂದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು, ಜೊತೆಗೆ ಶೇ 20ಕ್ಕೆ ಕಡಿಮೆಯಿಲ್ಲ ಎಂದು ದಾಖಲಾದರೆ ಮಾತ್ರ ಅಂಗವೈಕಲ್ಯದ ಭಾಗ ಸಿಗುತ್ತದೆ.

ಪಿಪಿಒ (ಪಿಂಚಣಿ ಪಾವತಿ ಆದೇಶ) ಬಂದ ದಿನವೇ ಹುಟ್ಟಿದ ದಿನ, ಹುದ್ದೆ, ಅರ್ಹ ಸೇವೆ, ಕೊನೆಯ ಸಂಬಳ, ಹೆಂಡತಿಯ ಹೆಸರು ಈ ಐದನ್ನು ಓದಿ, ತಪ್ಪಿದ್ದರೆ ಅದೇ ವಾರ ತಿದ್ದುಪಡಿ ಕೇಳಿ. ನಿವೃತ್ತಿಯ ನಂತರ ಅಧಿಕಾರಿ ತೀರಿಕೊಂಡರೆ ಹೆಂಡತಿಗೆ 7 ವರ್ಷ ಅಥವಾ ಅಧಿಕಾರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಸಂಬಳದ ಶೇ 50, ನಂತರ ಶೇ 30. ಈ ಎರಡು ದರ, ಪಿಪಿಒ ಸಂಖ್ಯೆ, ಸ್ಪರ್ಶ್ ಲಾಗಿನ್, ಪ್ರತಿ ವರ್ಷದ ಜೀವನ ಪ್ರಮಾಣಪತ್ರದ ವಿಷಯವನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು ಮನೆಯ ಬೀರುವಿನಲ್ಲಿ, ಹೆಂಡತಿಗೆ ಗೊತ್ತಿರುವ ಜಾಗದಲ್ಲಿ ಇಡಿಸುತ್ತೇನೆ.