ಹೆಸರು ಕಡೆಗೆ, ಮೂಗು ಮೊದಲು

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ನಾಲ್ಕು, ಐದನೇ ತರಗತಿಗೆ ಪರಿಸರ ಅಧ್ಯಯನ ತಗೊಳ್ಳುತ್ತೇನೆ. ಹಳ್ಳಿ ಮಕ್ಕಳಿಗೆ ಗಿಡಮರ ಏನು ತೋರಿಸೋದು, ದಿನಾ ನೋಡ್ತಾರಲ್ವಾ ಅಂತ ಕೆಲವರು ಕೇಳುತ್ತಾರೆ. ನೋಡುತ್ತಾರೆ, ನಿಜ. ಆದರೆ ಇದು ಹೊಂಗೆ ಎಂದು ಹೆಸರು ಹೇಳಿಬಿಟ್ಟರೆ ಆ ಮರದ ವಿಚಾರ ಅವರಿಗೆ ಅಲ್ಲಿಗೇ ಮುಗೀತು. ಹಾಗಾಗಿ ನನ್ನ ಕ್ಲಾಸಿನಲ್ಲಿ ಹೆಸರು ಕಡೆಗೆ ಬರುತ್ತದೆ.

ಶುರು ಮಾಡಿದ್ದು ಒಂದು ಬಟ್ಟೆ ಚೀಲದಿಂದ. ಒಳಗೆ ಸೀಗೆಕಾಯಿ, ಅಂಟುವಾಳ, ಹುಣಸೆ ಬೀಜ, ಹೊಂಗೆಕಾಯಿ, ಪಾರಿಜಾತದ ಎಲೆ. ನೋಡದೆ ಕೈ ಹಾಕಿ ಹೇಳಬೇಕು. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ ಮಿಸ್" ಅಷ್ಟೇ ಬರೋದು. "ಇಂಥದ್ದನ್ನ ಇನ್ನೆಲ್ಲಿ ಮುಟ್ಟಿದ್ದೀಯ?" ಅಂತ ಕೇಳಿ ನೋಡಿ, ಬಾಯಿ ಬಿಡುತ್ತಾರೆ. ಪಾರಿಜಾತದ ಎಲೆ ಸವರಿದ ಒಬ್ಬಳು ಹುಡುಗಿ "ಬೆಕ್ಕು ಕೈ ನೆಕ್ಕಿದ ಹಾಗಿದೆ" ಅಂದಳು. ಆ ಎಲೆ ಅಷ್ಟು ತರಿತರಿ ಎಂದು ಪಾರಿಜಾತದ ಹೂವನ್ನು ದಿನಾ ಬೆಳಿಗ್ಗೆ ಆರಿಸುವ ಮಕ್ಕಳಿಗೇ ಗೊತ್ತಿರಲಿಲ್ಲ.

ನನಗೆ ಜಾಸ್ತಿ ಇಷ್ಟ ಎಲೆ ಮೂಸುವ ಆಟ. ಕಣ್ಣಿಗೆ ಟವೆಲ್ ಕಟ್ಟಿ ನಿಂಬೆ, ಕರಿಬೇವು, ಬಿಲ್ವಪತ್ರೆ, ತುಳಸಿ, ದೊಡ್ಡಪತ್ರೆ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿಯುತ್ತೇನೆ. ಮೊದಲು ಹಾಗೇ, ಆಮೇಲೆ ಹಿಸುಕಿ. ತುಳಸಿ, ದೊಡ್ಡಪತ್ರೆ ಬೆರಳು ತಾಗಿದರೆ ಸಾಕು, ಘಮ್ಮೆನ್ನುತ್ತವೆ. ನಿಂಬೆ, ಕರಿಬೇವು, ಬಿಲ್ವವನ್ನು ಮುರಿದು ಹಿಸುಕಲೇಬೇಕು. ಯಾಕೆ ಹೀಗೆ ಎಂದು ಅವರೇ ಕೇಳುವವರೆಗೂ ನಾನು ಬಾಯಿ ಬಿಡುವುದಿಲ್ಲ (ಕಷ್ಟದ ಕೆಲಸ, ಮೇಷ್ಟ್ರ ಕೆಲಸ ಮಾಡಿದವರಿಗೆ ಗೊತ್ತು). ಕೇಳಿದ ಮೇಲೆ ಟವೆಲ್ ಬಿಚ್ಚಿಸಿ ಅಂಗಳಕ್ಕೆ ಕಳಿಸುತ್ತೇನೆ. ನಿಂಬೆ ಎಲೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಬೆಳಕು ತೂರಿ ಬರುತ್ತೆ. ಸೂರ್ಯನನ್ನೇ ನೇರ ನೋಡಬಾರದು, ಆಕಾಶದ ಕಡೆ ಹಿಡಿದರೆ ಸಾಕು. ಆ ಚುಕ್ಕೆಗಳು ಎಣ್ಣೆಯ ಚೀಲಗಳು, ಎಲೆಯ ಒಳಗೇ ಇರುತ್ತವೆ, ಹಿಸುಕಿದಾಗ ಒಡೆಯುತ್ತವೆ. ಕರಿಬೇವು, ಬಿಲ್ವದಲ್ಲೂ ಅವು ಇವೆ, ಕಣ್ಣಿಗೆ ಒಂದಿಷ್ಟು ಕೆಲಸ ಜಾಸ್ತಿ. ತುಳಸಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದರ ಎಣ್ಣೆ ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಇರೋದು, ದೊಡ್ಡಪತ್ರೆಯದ್ದೂ ಹಾಗೇ. ಆಗ ಹೇಳುತ್ತೇನೆ: ನಿಂಬೆ, ಕರಿಬೇವು, ಬಿಲ್ವ ಒಂದು ಕುಟುಂಬ, ತುಳಸಿ, ದೊಡ್ಡಪತ್ರೆ ಇನ್ನೊಂದು. ಶಿವನಿಗೆ ಏರಿಸುವ ಪತ್ರೆಯೂ ಸಾರಿನ ಒಗ್ಗರಣೆ ಸೊಪ್ಪೂ ನೆಂಟರು ಅಂದಾಗ ಮಕ್ಕಳ ಮುಖ ನೋಡಬೇಕು.

ರುಚಿಯ ವಿಷಯದಲ್ಲಿ ಮಾತ್ರ ನಾನು ಬಲು ಬಿಗಿ. ನಾನು ಕೊಟ್ಟಿದ್ದು ಬಿಟ್ಟು ಬೇರೆ ಏನೂ ಬಾಯಿಗೆ ಹೋಗಕೂಡದು. ಹುಣಸೆ ಚಿಗುರು, ನೆಲ್ಲಿಕಾಯಿ ತಿಂದು ಮೇಲೊಂದು ಗುಟುಕು ನೀರು, ಬೇವಿನ ಹೂವು, ಅಷ್ಟೇ. ಅದೂ ಔಷಧಿ ಹೊಡೆಯದ ಮರದ್ದು, ತೊಳೆದು. ಕಣಗಿಲೆ, ಉಮ್ಮತ್ತಿ, ಗುಲಗಂಜಿ ವಿಷ ಎಂದು ಮೊದಲೇ ತೋರಿಸಿಬಿಡುತ್ತೇನೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಪಜೀತಿ, ಹಾಗಾಗಿ ಎಕ್ಕದ ಗಿಡ ದೂರದಿಂದ ನೋಡೋಕೆ ಮಾತ್ರ. ಇವುಗಳ ಹೆಸರು ಕಡೆಗಲ್ಲ, ಮೊದಲೇ.

ಕಿವಿಗೆ ಬೇಸಿಗೆ ಒಳ್ಳೆ ಕಾಲ. ಹಾಳೆಯ ನಡುವೆ ಒಂದು ಚುಕ್ಕಿ, ಅದು ನೀನು. ಸದ್ದು ಬಂದ ಕಡೆ ಗುರುತು ಹಾಕು. ಮೊದಲ ಸಲ ಬರೀ ಬೈಕು, ಫ್ಲೋರ್ ಮಿಲ್ಲು. ಸುಮ್ನೆ ಕೂತಷ್ಟೂ ಹಕ್ಕಿಗಳು ಹಾಳೆಗೆ ಬರುತ್ತವೆ. ಕುಹೂ ಅನ್ನೋದು ಗಂಡು ಕೋಗಿಲೆ, ಕಪ್ಪಗಿರೋದು. ಹೆಣ್ಣಿನ ಮೈಯೆಲ್ಲ ಚುಕ್ಕೆ, ಅದು ಕಿಕ್ಕಿಕ್ಕಿಕ್ ಎಂದು ಕಿರುಚುತ್ತೆ. ಅದು ಬೇರೆ ಯಾವುದೋ ಹಕ್ಕಿ ಎಂದು ಹಾಳೆಯಲ್ಲಿ ಎರಡು ಬೇರೆ ಗುರುತು ಹಾಕಿದವರೇ ಜಾಸ್ತಿ.

ಮೊದಲ ಮಳೆ ಬಂದ ದಿನ ಪಾಠ ಬಿಟ್ಟು ಎಲ್ಲರನ್ನೂ ಜಗಲಿಗೆ ಕರೆದೆ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನೋ ವಸ್ತು, ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡುವುದು ಎಂದೆ. "ಹಾಗಾದ್ರೆ ಬೋರ್ ನೀರು ಹಾಕಿದ್ರೂ ಬರುತ್ತಾ ಮಿಸ್?" ಅಂದ ಒಬ್ಬ. ಮಣ್ಣು ಒಣಗಿದ ಮೇಲೆ ಚೊಂಬಿನಲ್ಲಿ ನೀರು ತಂದು ಚಿಮುಕಿಸಿ ನೋಡಿದೆವು. ಬಂತು. ಹೊಂಗೆ ಬುಡದ ಮಣ್ಣಿಗೂ ಆಟದ ಮೈದಾನದ ಮಣ್ಣಿಗೂ ವಾಸನೆ ಬೇರೆ ಬೇರೆ ಎಂದು ಅರ್ಧ ಕ್ಲಾಸು, ಎರಡೂ ಒಂದೇ ಎಂದು ಇನ್ನರ್ಧ. ಆ ಜಗಳ ಇನ್ನೂ ನಡೀತಿದೆ.