ಎಸ್ಟಿಮೇಟ್ ಕೇಳಬೇಡಿ, ವೋಚರ್ ಹಿಡಿಯಿರಿ: ಕೆರೆ ಹೂಳಿನ ಎಂ.ಬಿ. (ಅಳತೆ ಪುಸ್ತಕ) ನನ್ನ ಕೈಗೆ ಸಿಕ್ಕಿದ್ದು ಹೀಗೆ

ಕಾಮಗಾರಿ ಕಡತ ಬೇಕು ಅಂದರೆ ನಾವೆಲ್ಲ ಮಾಡುವುದು ಒಂದೇ. ಮಾಹಿತಿ ಹಕ್ಕಿನ (ಆರ್‌ಟಿಐ) ನಮೂನೆ 'ಎ' ತುಂಬುತ್ತೇವೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸುತ್ತೇವೆ. "ಕ್ರಿಯಾ ಯೋಜನೆ, ಎಸ್ಟಿಮೇಟ್, ವರ್ಕ್ ಆರ್ಡರ್, ಎಂ.ಬಿ., ಬಿಲ್ಲು, ಫೋಟೋ, ಎಲ್ಲದರ ದೃಢೀಕೃತ ನಕಲು ಕೊಡಿ" ಅಂತ ಬರೆಯುತ್ತೇವೆ. ತಿಂಗಳಾದ ಮೇಲೆ ಹಿಂಬರಹ ಬರುತ್ತದೆ: "ಸದರಿ ಕಡತವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಮೊದಲ ಮೇಲ್ಮನವಿಯಲ್ಲೂ ಅದೇ ಸಾಲು. ಆಮೇಲೆ ಮಾಹಿತಿ ಆಯೋಗ. ಅಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಆ ಇಂಜಿನಿಯರ್ ವರ್ಗ ಆಗಿರುತ್ತಾರೆ, ಗುತ್ತಿಗೆದಾರ ಇನ್ನೂ ನಾಲ್ಕು ಕೆಲಸ ಮುಗಿಸಿರುತ್ತಾನೆ.

ನಾನು ಇದನ್ನು ತಿರುಗಾಮುರುಗಾ ಮಾಡಿದೆ. ಎಸ್ಟಿಮೇಟ್ ಕಡೆಯಿಂದ ಹೊರಡಲಿಲ್ಲ. ದುಡ್ಡು ಪಾವತಿಯಾದ ಕಡೆಯಿಂದ, ಅಂದರೆ ಪಾವತಿ ಚೀಟಿಯಾದ ವೋಚರ್‌ನಿಂದ, ಹಿಂದಕ್ಕೆ ಬಂದೆ. ನಮ್ಮ ತಾಲ್ಲೂಕಿನ ಆರ್‌ಟಿಐ ಗೆಳೆಯರು "ಲೆಕ್ಕ ಶಾಖೆಯವರು ನಿನ್ನನ್ನ ಒಳಗೇ ಬಿಡಲ್ಲ ಕಣಯ್ಯ" ಅಂತ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ "ಅರ್ಜಿ ಹೆಂಗೆ ಬರೆದೆ, ವಾಟ್ಸಾಪ್ ಮಾಡು" ಅಂತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ವಿಷಯ ಇಷ್ಟು. ನಮ್ಮೂರ ಕೆರೆಯಲ್ಲಿ ಹೂಳು ತೆಗೆದಿದ್ದೇವೆ ಅಂತ ಒಂದು ಬೋರ್ಡ್ ಬಿತ್ತು. ಸುಮಾರು 18 ಲಕ್ಷ. ಊರಲ್ಲಿ ಹೂಳು ಹೋಗಿದ್ದನ್ನು ನೋಡಿದವರೇ ಇಲ್ಲ. ಒಂದು ಜೆಸಿಬಿ ಬಂದು ಎರಡು ಮೂರು ದಿನ ಏರಿ ಪಕ್ಕ ಕೆರೆದು ಹೋಗಿತ್ತು, ಅಷ್ಟೆ. ರೈತರು ಬೇಸಿಗೆಯಲ್ಲಿ ತಮ್ಮ ಖರ್ಚಿನಲ್ಲಿ ಹೊಲಕ್ಕೆ ಗೋಡು ಹೊಡೆದುಕೊಂಡಿದ್ದು ಬೇರೆ ಲೆಕ್ಕ. ಅದಕ್ಕೂ ಬಿಲ್ ಮಾಡಿದ್ದಾರಾ ಅನ್ನುವ ಅನುಮಾನ ನನಗೆ ಮೊದಲಿನಿಂದ ಇತ್ತು.

ಮೊದಲ ತಲೆನೋವು, ಕೆರೆ ಯಾರದು ಅನ್ನುವುದು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿದ್ದರೆ ಜಿಲ್ಲಾ ಪಂಚಾಯಿತಿ ವ್ಯಾಪ್ತಿ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ. ನಮ್ಮದು ಚಿಕ್ಕದು, ಆದರೆ ಅನುದಾನ ಇನ್ನೊಂದು ಕಡೆಯಿಂದ ಬಂದಿತ್ತು. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ಆರ್‌ಟಿಐ ಕಾಯ್ದೆಯ ಕಲಂ 6(3)ರ ಪ್ರಕಾರ ಐದು ದಿನದಲ್ಲಿ ಅರ್ಜಿಯನ್ನು ಅವರೇ ವರ್ಗಾಯಿಸಬೇಕು. ನನ್ನ ಅರ್ಜಿ ಒಂದೂವರೆ ತಿಂಗಳು ಎಲ್ಲಿತ್ತೋ ದೇವರೇ ಬಲ್ಲ.

ಆಮೇಲೆ ಬಂದ ಉತ್ತರಗಳು ನಿಮಗೂ ಬಾಯಿಪಾಠ ಇರುತ್ತವೆ. "ಎಷ್ಟು ಹೂಳು ತೆಗೆದಿರಿ" ಅಂತ ಕೇಳಿದ್ದಕ್ಕೆ "ಮಾಹಿತಿಯು ಪ್ರಶ್ನಾರ್ಥಕ ರೂಪದಲ್ಲಿರುವುದರಿಂದ ನೀಡಲು ಅವಕಾಶವಿಲ್ಲ." ಕೆರೆವಾರು ಖರ್ಚಿನ ಪಟ್ಟಿ ಕೇಳಿದ್ದಕ್ಕೆ "ಕ್ರೋಡೀಕರಿಸಿ ನೀಡಲು ಬರುವುದಿಲ್ಲ." ನಾಲ್ಕೈದು ಅಂಶ ಒಟ್ಟಿಗೆ ಹಾಕಿದ್ದಕ್ಕೆ, ನಮ್ಮ ರಾಜ್ಯದ ನಿಯಮ 14 ತೆಗೆದು ಮುಖಕ್ಕೆ ಹಿಡಿದರು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎಲ್ಲಕ್ಕಿಂತ ಜಾಣತನದ್ದು ದುಡ್ಡಿನ ಬೆದರಿಕೆ. ಒಂದು ಕಚೇರಿಯವರು ನಾಲ್ಕು ಸಾವಿರ ಪುಟ ಇದೆ, ಪುಟಕ್ಕೆ ಎರಡು ರೂಪಾಯಿಯಂತೆ ಎಂಟು ಸಾವಿರ ಚಿಲ್ಲರೆ ಕಟ್ಟಿ ಅಂದರು. ಇನ್ನೊಂದು ಕಚೇರಿಯಲ್ಲಿ ಎರಡೂವರೆ ಸಾವಿರ ಕಟ್ಟಿ ಒಂದು ಗೋಣಿಚೀಲ ಕಾಗದ ತಂದೆ. ಬಿಚ್ಚಿದರೆ ಮುಕ್ಕಾಲು ಪಾಲು ಟೆಂಡರ್ ಷರತ್ತುಗಳ ಖಾಲಿ ನಮೂನೆ, ಒಂದನ್ನೇ ಹತ್ತು ಸಲ ಜೆರಾಕ್ಸ್ ಮಾಡಿದ್ದು. ಎಂ.ಬಿ.ಯ ಒಂದು ಹಾಳೆ ಇಲ್ಲ. ಆ ಚೀಲ ಇವತ್ತಿಗೂ ಅಟ್ಟದ ಮೇಲಿದೆ. ಮನೆಯವರು ವರ್ಷಕ್ಕೊಮ್ಮೆ ನೆನಪಿಸುತ್ತಾರೆ.

ದಾರಿ ಸಿಕ್ಕಿದ್ದು ಒಬ್ಬ ನಿವೃತ್ತ ಲೆಕ್ಕ ಅಧೀಕ್ಷಕರ ಜೊತೆ ಕಾಫಿ ಕುಡಿಯುವಾಗ. ಅವರು ಆರ್‌ಟಿಐ ಬಗ್ಗೆ ಏನೂ ಹೇಳಲಿಲ್ಲ. ಸುಮ್ನೆ ಮಾತಿಗೆ, "ಇಂಜಿನಿಯರ್ ಹತ್ರ ಕಡತ ಕಳೆದರೆ ಕಾರಣ ಕೇಳುವ ನೋಟಿಸ್ ಅಷ್ಟೆ. ನಮ್ಮ ಹತ್ರ ವೋಚರ್ ಕಳೆದರೆ ಆಡಿಟ್‌ನವರು ಪೆನ್ಶನ್‌ಗೇ ಕೈ ಹಾಕ್ತಾರೆ" ಅಂದರು. ಅಲ್ಲೇ ತಲೆಗೆ ಹೊಳೆಯಿತು. ಕೆಲಸ ಮಾಡಿಸುವುದು ಉಪವಿಭಾಗ. ಬಿಲ್ ಪಾಸಾಗುವುದು ವಿಭಾಗ ಕಚೇರಿಯ ಲೆಕ್ಕ ಶಾಖೆಯಲ್ಲಿ. ಇಬ್ಬರ ಮಾಹಿತಿ ಅಧಿಕಾರಿ ಬೇರೆ, ಭಯವೂ ಬೇರೆ. ಉಪವಿಭಾಗಕ್ಕೆ ಎಂ.ಬಿ. ಬಚ್ಚಿಡಲು ಕಾರಣ ಇರಬಹುದು. ಲೆಕ್ಕ ಶಾಖೆಗೆ ವೋಚರ್ ಬಚ್ಚಿಡಲು ಏನು ಕಾರಣ?

ಹಾಗಾಗಿ ಉಪವಿಭಾಗವನ್ನು ಬಿಟ್ಟು ವಿಭಾಗ ಕಚೇರಿಗೆ ಅರ್ಜಿ ಹಾಕಿದೆ. ಕೆರೆ ಹೆಸರೇ ಬರೆಯಲಿಲ್ಲ. ನಕಲೂ ಕೇಳಲಿಲ್ಲ. "ಮಾರ್ಚ್ ತಿಂಗಳ ಕ್ಯಾಶ್ ಬುಕ್ಕನ್ನು ಕಲಂ 2(ಜೆ) ಅಡಿ ಪರಿಶೀಲಿಸಿ ಟಿಪ್ಪಣಿ ಮಾಡಿಕೊಳ್ಳಲು ದಿನಾಂಕ ಕೊಡಿ" ಅಂತ ಎರಡು ಸಾಲು. ಪ್ರಶ್ನೆ ಇಲ್ಲ, ಕ್ರೋಡೀಕರಿಸುವ ಕೆಲಸ ಇಲ್ಲ, ಪುಟ ಎಣಿಸುವ ಗೋಜಿಲ್ಲ, 150 ಪದದ ಹತ್ತಿರವೂ ಹೋಗಿಲ್ಲ. ನಿರಾಕರಿಸಲು ಅವರಿಗೆ ಹಿಡಿಯೇ ಸಿಗಲಿಲ್ಲ. ಮಾರ್ಚ್ ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ, ಆರ್ಥಿಕ ವರ್ಷದ ಕೊನೆಗೆ ಬಿಲ್ಲುಗಳೆಲ್ಲ ಒಟ್ಟಿಗೆ ಪಾಸಾಗುತ್ತವೆ. ಅರ್ಜಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹಾಕಿದರೆ ಅವರೂ ಅದಕ್ಕೊಂದು ಸಿದ್ಧ ಉತ್ತರ ಟೈಪ್ ಮಾಡಿಟ್ಟುಕೊಳ್ಳುತ್ತಾರೆ.

ಹೋದ ದಿನ ಅಲ್ಲಿನ ವಿಷಯ ನಿರ್ವಾಹಕರು "ನಿಮಗ್ಯಾಕೆ ಸಾರ್ ಇದೆಲ್ಲ, ಯಾವ ಬಿಲ್ ಬೇಕು ಹೇಳಿ, ಹುಡುಕಿ ಕೊಡ್ತೀವಿ" ಅಂದರು. ಈ ಮಾತಿಗೆ ಬೀಳಬಾರದು. ಬಿಲ್ ಯಾವುದು ಅಂತ ಹೇಳಿದ ಐದು ನಿಮಿಷಕ್ಕೆ ಉಪವಿಭಾಗಕ್ಕೆ ಫೋನ್ ಹೋಗುತ್ತದೆ. "ಪರವಾಗಿಲ್ಲ ಮೇಡಂ, ಇಡೀ ತಿಂಗಳದ್ದು ನೋಡ್ತೀನಿ" ಅಂತ ಕೂತೆ. ಊಟದ ಹೊತ್ತಿಗೆ ನಮ್ಮ ಕೆರೆಯ ಸಾಲು ಸಿಕ್ಕಿತು. ಪಕ್ಕದಲ್ಲಿ ವೋಚರ್ ನಂಬರ್. ಅದನ್ನೊಂದೇ ಬರೆದುಕೊಂಡರೆ ಗೊತ್ತಾಗಿಬಿಡುತ್ತೆ ಅಂತ ಮೂವತ್ತು ನಲವತ್ತು ಸಾಲು ಬರೆದುಕೊಂಡೆ.

ಎರಡನೇ ಅರ್ಜಿ ಆ ವೋಚರಿಗೆ. ಅದರ ಜೊತೆ ಬಿಲ್ ಇರುತ್ತದೆ, ಬಿಲ್ಲಿನಲ್ಲಿ ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ ಎರಡೂ ನಮೂದಾಗಿರುತ್ತವೆ. ಇಷ್ಟು ಕೈಯಲ್ಲಿದ್ದರೆ "ಎಂ.ಬಿ. ಲಭ್ಯವಿಲ್ಲ" ಅನ್ನುವುದು ಕಷ್ಟ. ಯಾವ ಎಂ.ಬಿ. ಯಾವ ಇಂಜಿನಿಯರ್‌ಗೆ ಕೊಟ್ಟಿದ್ದಾರೆ ಅನ್ನುವುದಕ್ಕೇ ಒಂದು ರಿಜಿಸ್ಟರ್ ಇಟ್ಟಿರುತ್ತಾರೆ. ಮೂರನೇ ಅರ್ಜಿಯಲ್ಲಿ ಆ ಎಂ.ಬಿ., ಅದರ ರಿಜಿಸ್ಟರ್ ಎರಡನ್ನೂ ಪರಿಶೀಲನೆಗೆ ಕೇಳಿದೆ. ಆಗಲೂ "ಹುಡುಕಲಾಗುತ್ತಿದೆ" ಅಂದರು. ಮೊದಲ ಮೇಲ್ಮನವಿಯಲ್ಲಿ ಬಿಲ್ಲಿನ ನಕಲು ಇಟ್ಟೆ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆಯನ್ನು ಸಿಗುತ್ತಿಲ್ಲ ಅಂತ ಸುಮ್ಮನೆ ಕೈಬಿಡುವ ಹಾಗಿಲ್ಲ, ವಿಚಾರಣೆ ಮಾಡಿ ಹೊಣೆ ನಿಗದಿ ಮಾಡಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದ್ದನ್ನೂ ಎರಡು ಸಾಲಲ್ಲಿ ಬರೆದೆ. ವಿಚಾರಣೆ ದಿನವೇ ಪುಸ್ತಕ ಮೇಜಿನ ಮೇಲಿತ್ತು. ಆಯೋಗದ ಮೆಟ್ಟಿಲು ಹತ್ತಲೇ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಆಯೋಗದ ಮಾಹಿತಿ ಸೌಧಕ್ಕೆ ಹೋಗದೆ ಎಂ.ಬಿ. ಈಚೆ ತಂದವರು ಬೇರೆ ಯಾರಾದರೂ ಇದ್ದರೆ ಹೇಳಿ, ನಾನೇ ಬಂದು ಹಾರ ಹಾಕುತ್ತೇನೆ.

ಎಂ.ಬಿ. ಪುಟಗಳಿಗೆ ಸಂಖ್ಯೆ ಅಚ್ಚಾಗಿಯೇ ಬರುತ್ತದೆ, ಹಾಳೆ ಕಿತ್ತರೆ ಗೊತ್ತಾಗುತ್ತದೆ. ಹಾಳೆ ಯಾರೂ ಕಿತ್ತಿರಲಿಲ್ಲ. ಕೀಳುವ ಅಗತ್ಯವೇ ಬಿದ್ದಿಲ್ಲ ಅನ್ನಿ. ಮೂರು ವಾರದ ಅಳತೆ, ಒಂದೇ ನೀಲಿ ಇಂಕು, ಒಂದೇ ಒತ್ತು, ಒಂದು ತಿದ್ದುಪಡಿ ಇಲ್ಲ. ಕೆಸರಲ್ಲಿ ನಿಂತು ಲೆವೆಲ್ (ನೆಲದ ಮಟ್ಟ) ಹಿಡಿದು ಬರೆದ ಪುಸ್ತಕದಲ್ಲಿ ಒಂದು ಮಣ್ಣಿನ ಬೆರಳಚ್ಚಾದರೂ ಇರಬೇಡವೇ? ಮದುವೆ ಮುಯ್ಯಿ ಪುಸ್ತಕದ ಹಾಗೆ ಫಳಫಳ ಅಂತಿತ್ತು. ಕೆಲಸಕ್ಕೆ ಮುಂಚಿನ ಲೆವೆಲ್‌ಗಳ ಪುಟ ಬರೀ ಅರ್ಧ ತುಂಬಿತ್ತು, ದಿನಾಂಕ ಹಾಕಿರಲಿಲ್ಲ.

ಆಮೇಲೆ ಲೆಕ್ಕ. ಅಂದಾಜು 12 ಸಾವಿರ ಘನ ಮೀಟರ್ ಹೂಳು ಅಂತ ಬರೆದಿದ್ದರು. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೈಲರ್‌ಗೆ ಮೂರು ಘನ ಮೀಟರ್ ಅಂತ ಧಾರಾಳವಾಗಿಯೇ ಹಿಡಿಯಿರಿ. ನಾಲ್ಕು ಸಾವಿರ ಲೋಡ್. ಇಪ್ಪತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಇನ್ನೂರು. ಕೆರೆ ಅಂಗಳಕ್ಕೆ ಇಳಿಯಲು ನಮ್ಮಲ್ಲಿ ಇರುವುದು ಒಂದೇ ಗಾಡಿ ದಾರಿ, ಎದುರು ಬದುರು ಎರಡು ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಇನ್ನೂರು ಲೋಡ್ ಹೋಗಿ ಬರುವುದು ಅಂದರೆ ನಾನೂರು ಓಡಾಟ. ಊರಿನ ನಾಯಿಗಳಿಗಾದರೂ ಗೊತ್ತಾಗುತ್ತಿರಲಿಲ್ಲವಾ?

ಇಲ್ಲಿ ಒಂದು ಚಾಳಿ ಶುರುವಾಯಿತು, ಉಪಗ್ರಹ ಚಿತ್ರದ್ದು. ಎಂ.ಬಿ.ಯ ದಿನಾಂಕಗಳು ಅಕ್ಟೋಬರ್‌ನಲ್ಲಿದ್ದವು, ಹಿಂಗಾರು ಮಳೆ ಕಾಲ. ಆಗ ಕೆರೆಯಲ್ಲಿ ನೀರಿತ್ತು ಅಂತ ನಮಗೆಲ್ಲ ನೆನಪಿದೆ, ಆದರೆ ನೆನಪು ಯಾರಿಗೆ ಬೇಕು. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸುಮಾರು ಐದು ದಿನಕ್ಕೊಂದು ಚಿತ್ರ. ಒಂದು ಚುಕ್ಕೆಗೆ ಹತ್ತು ಮೀಟರ್, ಹಾಗಾಗಿ ಜೆಸಿಬಿ ಕಾಣುವುದಿಲ್ಲ, ನೀರು ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮೋಡದ ಕಾಟ. ಆ ಮೂರು ವಾರದಲ್ಲಿ ಬಹುಪಾಲು ಚಿತ್ರ ಬರೀ ಬಿಳಿ. ಒಂದೇ ಒಂದು ತೆರೆದಿತ್ತು. ಅದರಲ್ಲಿ ಅಂಗಳದ ಅರ್ಧಕ್ಕಿಂತ ಜಾಸ್ತಿ ನೀರು. ಅದೊಂದು ಸಾಕಾಯಿತು. ಕೆರೆ ಗಡಿಗೆ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು ಗ್ರಾಮ ನಕ್ಷೆಯನ್ನು ಚಿತ್ರದ ಮೇಲೆ ಕೂರಿಸಲು ಹೋದೆ. ಕೂರಲಿಲ್ಲ. ಒಂದು ಮೂಲೆ ಸರಿಮಾಡಿದರೆ ಇನ್ನೊಂದು ಮೂಲೆ ತೋಟಕ್ಕೆ ಹೋಗುತ್ತಿತ್ತು. ಅದು ಮೋಜಿಣಿಯವರ ಕೆಲಸ ಅಂತ ಬಿಟ್ಟೆ.

ಇನ್ನೊಂದು ಪ್ರಯೋಗ, ಅರ್ಜಿಯೇ ಇಲ್ಲದೆ ದಾಖಲೆ ನೋಡುವುದು. ಗ್ರಾಮ ಪಂಚಾಯಿತಿಗಳಲ್ಲಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು, ಹಿಂದಿನ ವರ್ಷದ ಲೆಕ್ಕಪತ್ರ ಜನರ ಮುಂದೆ ಇಡಬೇಕು. ಬಹಳ ಕಡೆ ಶಾಮಿಯಾನ, ಚಹಾ, ಬೋಂಡ, ಸಹಿ. ನಾವು ಐದಾರು ಜನ ಹೋಗಿ "ಕಾಮಗಾರಿ ಕಡತ ಒಂದೊಂದಾಗಿ ತೆಗೀರಿ" ಅಂತ ಕೂತೆವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಿಟ್ಟಾಗಲಿಲ್ಲ. "ಅಣ್ಣ, ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ" ಅಂದರು. ಪೋಷಕ ಕಾಲುವೆ ದುರಸ್ತಿಯ ಒಂದು ಬಿಲ್ ಅಲ್ಲಿ ಸಿಕ್ಕಿತು. ಖರ್ಚು ಸೊನ್ನೆ, ಬೋಂಡವೂ ಸಿಕ್ಕಿತು. ಪಂಚಾಯಿತಿ ಮಟ್ಟದ ದಾಖಲೆಗೆ ಆರ್‌ಟಿಐ ಹಾಕಿ ಪೋಸ್ಟಲ್ ಆರ್ಡರ್ ದಂಡ ಮಾಡುವವರು ಇದನ್ನು ಒಮ್ಮೆ ನೋಡಿ.

ಖರ್ಚಿನ ವಿಷಯಕ್ಕೆ ಬಂದರೆ, ಹಳೇ ದಾರಿಯಲ್ಲಿ ಗೋಣಿಚೀಲವೂ ಸೇರಿ ನಾಲ್ಕು ಸಾವಿರದ ಮೇಲೆ ಕಳೆದೆ. ಹೊಸ ದಾರಿಯಲ್ಲಿ ಮೂರು ಅರ್ಜಿಗೆ ಮೂವತ್ತು ರೂಪಾಯಿ, ಬೇಕಾದ ಹತ್ತಿಪ್ಪತ್ತು ಪುಟದ ನಕಲಿಗೆ ಐವತ್ತರೊಳಗೆ, ಬಸ್ಸು, ಊಟ, ಅಂಚೆ ಎಲ್ಲ ಸೇರಿ ಸಾವಿರ ದಾಟಿರಲಿಕ್ಕಿಲ್ಲ. ವೋಚರ್ ನಕಲು 30 ದಿನ ದಾಟಿ ಬಂತು, ತಡವಾದರೆ ಪುಕ್ಕಟೆ ಕೊಡಬೇಕು ಅನ್ನುವ ಕಲಂ 7(6) ತೋರಿಸಿ ಅದಕ್ಕೆ ಒಂದು ಪೈಸೆ ಕಟ್ಟಲಿಲ್ಲ. ರಿಜಿಸ್ಟರ್ಡ್ ಪೋಸ್ಟನ್ನು 2025ರ ಸೆಪ್ಟೆಂಬರ್‌ನಲ್ಲಿ ಸ್ಪೀಡ್ ಪೋಸ್ಟ್‌ಗೆ ಸೇರಿಸಿದ ಮೇಲೆ ನಾನು ಅಂಚೆ ಬಿಟ್ಟು ಕಚೇರಿಯ ಟಪಾಲು ಶಾಖೆಯಲ್ಲೇ ಕೊಟ್ಟು ಮೊಹರು ಹಾಕಿಸಿಕೊಂಡು ಬರುತ್ತೇನೆ. ಪರಿಶೀಲನೆಗೆ ಹೋಗುವಾಗ ಎರಡು ಪ್ರತಿಯಲ್ಲಿ ಒಂದು ಹಾಳೆ ಒಯ್ಯುತ್ತೇನೆ. ಯಾವ ಪುಸ್ತಕ, ಯಾವ ಪುಟದಿಂದ ಯಾವ ಪುಟ, ಯಾವ ಪುಟ ಖಾಲಿ. ಬರುವ ಮುಂಚೆ ಸಹಿ ಮಾಡಿಸಿಕೊಳ್ಳಬೇಕು. ಆ ಖಾಲಿ ಪುಟಗಳು ಆಮೇಲೆ ತುಂಬಿಕೊಳ್ಳದಂತೆ ನೋಡಿಕೊಳ್ಳುವುದು ಈ ಹಾಳೆಯೇ.

ಒಂದು ಹೊಸ ಅಡ್ಡಿ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಆರ್‌ಟಿಐನ 8(1)(ಜೆ) ಬದಲಾಯಿಸಿದ್ದಾರೆ. ಈಗ ಯಾವ ಕಾಗದದಲ್ಲಿ ಯಾರ ಹೆಸರಿದ್ದರೂ "ವೈಯಕ್ತಿಕ ಮಾಹಿತಿ" ಅನ್ನುವುದು ಶುರುವಾಗಿದೆ. ನನಗೂ ಹಾಗೇ ಹೇಳಿದರು. "ಗುತ್ತಿಗೆದಾರನ ಹೆಸರಿಗೆ ಮಸಿ ಬಳಿಯಿರಿ ಸ್ವಾಮಿ, ನನಗೆ ಅಳತೆ ಸಾಕು" ಅಂತ, ಉಳಿದ ಭಾಗವನ್ನಾದರೂ ಕೊಡಬೇಕು ಅನ್ನುವ ಕಲಂ 10 ಬರೆದುಕೊಟ್ಟೆ. ಸಾರ್ವಜನಿಕ ಹಿತದ 8(2) ಇನ್ನೂ ಹಾಗೇ ಇದೆ, ಅದನ್ನೂ ಸೇರಿಸಿದೆ. ಮಸಿ ಬಳಿಯಲೇ ಇಲ್ಲ, ಹಾಗೇ ಕೊಟ್ಟರು.

ಎಂ.ಬಿ. ನಕಲು, ಟ್ರೈಲರ್ ಲೆಕ್ಕ, ಉಪಗ್ರಹ ಚಿತ್ರ ಮೂರನ್ನೂ ಇಟ್ಟು ಮೇಲಿನವರಿಗೆ ದೂರು ಕೊಟ್ಟೆ. ಮರು ಅಳತೆಗೆ ತಂಡ ಬಂತು. ಗುತ್ತಿಗೆದಾರನ ಭದ್ರತಾ ಠೇವಣಿ ತಡೆಹಿಡಿದಿದ್ದಾರೆ. ಬೇಸಿಗೆಯಲ್ಲಿ ಮತ್ತೆ ಜೆಸಿಬಿ ಇಳಿದು ಒಂದಷ್ಟು ಹೂಳು ನಿಜವಾಗಿಯೂ ಹೋಯಿತು. ಬಾಕಿ ವಸೂಲಿಯ ಕಡತ ನಡೆಯುತ್ತಿದೆ ಅಂತಾರೆ.

ಆ ಕಡತ ಈಗ ಸರ್ಕಾರದ ಕಂಪ್ಯೂಟರ್ ಕಡತ ವ್ಯವಸ್ಥೆ ಇ-ಆಫೀಸ್‌ನಲ್ಲಿದೆ. ಅಲ್ಲಿ ಕಡತ ಯಾರ ಹತ್ತಿರ ಯಾವ ದಿನ ಹೋಯಿತು ಅನ್ನುವುದು ತಾನಾಗಿ ದಾಖಲಾಗುತ್ತದೆ. ಅದರ ಪ್ರಿಂಟ್ ಕೇಳಿ ನೋಡಿದೆ. ಒಂದು ಕಚೇರಿಯವರು ಎರಡು ಪುಟಕ್ಕೆ ನಾಲ್ಕು ರೂಪಾಯಿ ತಗೊಂಡು ಕೊಟ್ಟೇಬಿಟ್ಟರು. ಇನ್ನೊಂದು ಕಚೇರಿ "ಇದು ತಂತ್ರಾಂಶದ ಆಂತರಿಕ ವಿವರ" ಅಂತ ಹಿಂಬರಹ ಕೊಟ್ಟಿದೆ. ಮೊದಲ ಮೇಲ್ಮನವಿ ಹಾಕಿದ್ದೇನೆ, ಮೊದಲ ಕಚೇರಿ ಕೊಟ್ಟ ಎರಡು ಪುಟವನ್ನೇ ಅದಕ್ಕೆ ಲಗತ್ತಿಸಿ. ವಿಚಾರಣೆ ದಿನ ಇನ್ನೂ ತಿಳಿಸಿಲ್ಲ.