ಆಳದ ಬೋರಿಗೆ ಸೋಲಾರ್ ಪಂಪ್: ಎಚ್‌ಪಿ ಕೇಳುವ ಮೊದಲು ದಾರ ಇಳಿಸಿ

ಗದಗ, ರೋಣ, ಮುಂಡರಗಿ ಕಡೆ ಸೋಲಾರ್ ಪಂಪ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ: ‘ಆರ್‌ನೂರು ಅಡಿ ಬೋರ್ ಐತ್ರಿ, ಎಷ್ಟು ಎಚ್‌ಪಿ ಹಾಕೂಣು?’ ಅಂಗಡಿಯವರೂ ಸುಮ್ನೆ ಏಳೂವರೆ ಅಂತ ಬರೆದುಬಿಡುತ್ತಾರೆ. ಎಷ್ಟೋ ರೈತರ ದುಡ್ಡು ಹಾಳಾಗುವುದು ಇಲ್ಲೇ. ಪಂಪನ್ನು ಎಷ್ಟೇ ಕೆಳಗೆ ಇಳಿಸಿ, ಅದರ ಮೇಲೆ ಬೀಳುವ ಭಾರ ನೀರಿನ ಮಟ್ಟದಿಂದ ಟ್ಯಾಂಕಿನವರೆಗಿನ ಎತ್ತರದ್ದು. ಬೋರಿನ ಆಳದ್ದಲ್ಲ.

ಹಾಗಾಗಿ ಮೊದಲ ಕೆಲಸ ಆ ಮಟ್ಟ ಅಳೆಯುವುದು. ಏಪ್ರಿಲ್–ಮೇನಲ್ಲಿ ಅಳೆಯಿರಿ. ಮಳೆಗಾಲ ಮುಗಿದ ಮೇಲೆ ಅಳೆದ ಲೆಕ್ಕ ಬೇಸಿಗೆಗೆ ಕೈಕೊಡುತ್ತದೆ. ಬೋರ್ ಕೊರೆದ ದಿನ ಗಾಡಿಯವರು ಹೇಳಿದ ‘ಎರಡು ಇಂಚು ನೀರು’ ಮರೆತುಬಿಡಿ, ಅದು ಕಂಪ್ರೆಸರ್ ಗಾಳಿ ದೂಡಿ ತಂದದ್ದು.

ಅರ್ಧ ಇಂಚಿನ ಜಿಐ ಪೈಪಿನ ಬೆರಳುದ್ದದ ತುಂಡು ತಗೊಳ್ಳಿ. ಮೇಲಿನ ಬಾಯಿಯನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿಸಿ, ಕೆಳಗಿನದು ತೆರೆದೇ ಇರಲಿ. ಹಿಗ್ಗದ ಗಟ್ಟಿ ದಾರಕ್ಕೆ ಕಟ್ಟಿ, ಹತ್ತಡಿಗೊಂದು ಗಂಟು ಹಾಕಿ ಬೋರಿಗೆ ಇಳಿಸಿ. ತೆರೆದ ಬಾಯಿ ನೀರಿಗೆ ತಾಗಿದಾಗ ‘ಡುಬ್’ ಅಂತ ಕೇಳಿಸುತ್ತದೆ. ಗೇಣುದ್ದ ಎತ್ತಿ ಮತ್ತೆ ಬಿಡಿ, ಮತ್ತೆ ಕೇಳಿಸಿದರೆ ಅದೇ ಮಟ್ಟ. ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಇದು ಮೋಟರ್ ಓಡದಾಗಿನ ಮಟ್ಟ. ಓಡಿದಾಗ ನೀರು ಇಳಿಯುತ್ತದೆ, ನಮಗೆ ಬೇಕಾದ್ದು ಆ ಇಳಿದ ಮಟ್ಟ.

ಅದಕ್ಕೆ ಇದ್ದ ಮೋಟರೋ ಬಾಡಿಗೆ ಮೋಟರೋ ಬಿಡಬೇಕು. ಬಿಡುವಾಗ ನೀರು ಮೇಲೆ ತರುವ ಕಾಲಂ ಪೈಪಿನ ಪಕ್ಕಕ್ಕೆ ಒಂದೂಕಾಲು ಇಂಚಿನ ಪಿವಿಸಿ ಪೈಪ್ ಕಟ್ಟಿ ಇಳಿಸಿ, ದಾರ ಅದರೊಳಗೆ ಹೋಗಲಿ. ಇಲ್ಲದಿದ್ದರೆ ದಾರ ಕೇಬಲ್ಲಿಗೆ ಸುತ್ತಿಕೊಂಡು ಮೇಲೆ ಬರುವುದೇ ಇಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಓಡಿಸಿ. ಗಂಟೆಗೊಮ್ಮೆ ಮಟ್ಟ ನೋಡಿ. 200 ಲೀಟರ್ ಡ್ರಮ್ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಮೊಬೈಲಿನಲ್ಲಿ ಅಳೆಯಿರಿ. ಮಟ್ಟ ಇಳಿಯುತ್ತಲೇ ಹೋದರೆ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ. ಮಟ್ಟ ಒಂದು ಕಡೆ ನಿಂತಾಗ ಎಷ್ಟು ನೀರು ಬರುತ್ತದೋ, ನಿಮ್ಮ ಬೋರಿನ ತಾಕತ್ತು ಅಷ್ಟೇ.

ಈಗ ಲೆಕ್ಕ. 600 ಅಡಿ ಬೋರ್ ಅಂದುಕೊಳ್ಳಿ. ಓಡುವಾಗ ನೀರು 290 ಅಡಿಗೆ ನಿಂತಿತು. ಟ್ಯಾಂಕ್ 20 ಅಡಿ ಎತ್ತರ, ಪೈಪಿನ ತಿಕ್ಕಾಟಕ್ಕೆ 10 ಅಡಿ. ಒಟ್ಟು ಹೆಡ್ (ಪಂಪ್ ನೀರು ಎತ್ತಬೇಕಾದ ಎತ್ತರ) 320 ಅಡಿ, ಅಂದರೆ ಸುಮಾರು 98 ಮೀಟರ್. ಡ್ರಮ್ 4 ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಇದಕ್ಕೆ 3 ಎಚ್‌ಪಿ ಸಾಕು! ಏಳೂವರೆ ಹಾಕಿದರೆ ಬೋರ್ ಬರಿದಾಗಿ ಪಂಪ್ ನಿಲ್ಲುತ್ತದೆ, ಮತ್ತೆ ಓಡುತ್ತದೆ, ರಾಡಿ ಎಳೆಯುತ್ತದೆ. ಒಳ್ಳೆ ಬಿಸಿಲಿನ 5–6 ತಾಸಿನಲ್ಲಿ 15ರಿಂದ 18 ಸಾವಿರ ಲೀಟರ್ ಸಿಗುತ್ತದೆ. ಒಂದು ಎಕರೆ ಮೆಣಸಿನಕಾಯಿಗೆ ಡ್ರಿಪ್‌ನಲ್ಲಿ ದಿನಕ್ಕೆ 4 ಮಿಲಿಮೀಟರ್ ಕೊಡಲು 16 ಸಾವಿರ ಲೀಟರ್ ಬೇಕು. ಸರಿಹೋಯಿತು ಅಲ್ವಾ? ಹಾಯಿನೀರಿನ ಆಸೆ ಬಿಡಿ.

ಅಂಗಡಿಯಲ್ಲಿ ಎಚ್‌ಪಿ ಕೇಳಬೇಡಿ, ಪಂಪಿನ ಚಾರ್ಟ್ ಕೇಳಿ. ‘98 ಮೀಟರಿಗೆ ಎಷ್ಟು ನೀರು ಬರ್ತದ್ರಿ?’ ಅನ್ನಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಮ್ಯಾಕ್ಸಿಮಮ್ ಹೆಡ್‌ಗೆ ಮರುಳಾಗಬೇಡಿ, ಆ ಎತ್ತರದಲ್ಲಿ ನೀರು ಸೊನ್ನೆ. ಸೋಲಾರ್‌ನಲ್ಲಿ ಇನ್ನೊಂದು ತೊಡಕಿದೆ. ಬೆಳಗ್ಗೆ, ಸಂಜೆ, ಮೋಡ ಬಂದಾಗ ಮೋಟರಿನ ವೇಗ ಇಳಿಯುತ್ತದೆ. ವೇಗ ಅರ್ಧವಾದರೆ ನೀರು ಏರಿಸುವ ಎತ್ತರ ಕಾಲು ಭಾಗಕ್ಕೆ ಬೀಳುತ್ತದೆ. ಆದ್ದರಿಂದ ಮ್ಯಾಕ್ಸಿಮಮ್ ಹೆಡ್ ನಿಮ್ಮ ಹೆಡ್‌ಗಿಂತ ಚೆನ್ನಾಗಿ ಜಾಸ್ತಿ ಇರಲಿ. ಇಲ್ಲದಿದ್ದರೆ ನಡುಮಧ್ಯಾಹ್ನ ಮಾತ್ರ ನೀರು ಬರುತ್ತದೆ.

ಎಸಿಯೋ ಡಿಸಿಯೋ? ಅಷ್ಟೇ ಪ್ಯಾನಲ್ಲಿಗೆ ಡಿಸಿ ಸ್ವಲ್ಪ ಜಾಸ್ತಿ ನೀರು ಕೊಡುತ್ತದೆ, ನಿಜ. ಆದರೂ ಆಳದ ಬೋರಿಗೆ ತ್ರೀಫೇಸ್ ಎಸಿ ಮೋಟರನ್ನೇ ಹಾಕಿ. ಸುಟ್ಟರೆ ಗದಗದಲ್ಲೋ ಹುಬ್ಬಳ್ಳಿಯಲ್ಲೋ ರಿವೈಂಡಿಂಗ್ ಆಗುತ್ತದೆ. ಹೆಸ್ಕಾಂ ಕರೆಂಟ್ ಇದ್ದರೆ ಅದಕ್ಕೂ ಜೋಡಿಸಬಹುದು. ಕಂಟ್ರೋಲರ್‌ನಲ್ಲಿ ಡ್ರೈ ರನ್ ರಕ್ಷಣೆ (ಬೋರಿನಲ್ಲಿ ನೀರಿಲ್ಲದಾಗ ಮೋಟರ್ ನಿಲ್ಲಿಸುವುದು) ಇಲ್ಲದಿದ್ದರೆ ವಾಪಸ್ ಕಳಿಸಿ.

ಪ್ಯಾನಲ್ ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ, 3 ಎಚ್‌ಪಿಗೆ 3,000 ವಾಟ್. ಎರೆ (ಕಪ್ಪು ಮಣ್ಣಿನ) ಹೊಲವಾದರೆ ಕಂಬದ ಗುಂಡಿಯನ್ನು ಎರೆ ದಾಟಿಸಿ ಗಟ್ಟಿ ನೆಲದವರೆಗೆ ತೋಡಿಸಿ. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಮೇಲುಮೇಲೆ ನಿಲ್ಲಿಸಿದ ಕಂಬವನ್ನು ವಾಲಿಸಿಬಿಡುತ್ತದೆ. ಕೇಬಲ್ ತಾಮ್ರದ್ದೇ ಇರಲಿ.

2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಈಗ ಸಹಾಯಧನ ಸಿಗುತ್ತದೆಯೇ ಅಂತ ವಿಚಾರಿಸಿ. ಅಲ್ಲೂ ನಿಮ್ಮ ಹೆಡ್, ಗಂಟೆಗೆ ಬೇಕಾದ ಲೀಟರ್ ಎರಡನ್ನೂ ಆರ್ಡರ್‌ನಲ್ಲಿ ಬರೆಸಿ. ಜೋಡಿಸಿದ ದಿನ ಮಧ್ಯಾಹ್ನ 12ಕ್ಕೆ ಅಳೆದು ನೋಡಿ, ಬರೆದಷ್ಟು ನೀರು ಬಂದ ಮೇಲೆ ಸಹಿ ಹಾಕಿ.